ನಮ್ಮ ಕಡೆ ವಾಲಿದ ಬೋಗುಣಿ

ರಸಮಟ್ಟ ಎಂದರೆ ಗೊತ್ತಲ್ಲ, ಗಾರೆ ಕೆಲಸದವರು ಗೋಡೆಯ ಮೇಲೋ ಹಾಸುಗಲ್ಲಿನ ಮೇಲೋ ಇಟ್ಟು ನೋಡುವ ಉದ್ದನೆಯ ಪಟ್ಟಿ. ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ನಟ್ಟನಡುವೆ ನಿಂತರೆ ಕೆಲಸ ಸರಿ, ಪಕ್ಕಕ್ಕೆ ಸರಿದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಕಡಲ ದಂಡೆಯ ಆ ಊರಿನಲ್ಲಿ ಒಬ್ಬ ಕಲ್ಲುಕೆಲಸದ ಮೇಸ್ತ್ರಿಗೆ ಜನ ಅದನ್ನೇ ಹೆಸರಾಗಿ ಇಟ್ಟುಬಿಟ್ಟಿದ್ದರು. ರಸಮಟ್ಟ ಮೇಸ್ತ್ರಿ. ಹೆತ್ತವರು ಇಟ್ಟ ಹೆಸರಿನಿಂದ ಯಾರಾದರೂ ಕೂಗಿದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ.

ಹೆಸರು ಸುಮ್ಮನೆ ಬಂದದ್ದಲ್ಲ. ಯಾರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರ್ ನೇರ ಮಾಡಿದ ಮೇಲೆಯೇ ಕುರ್ಚಿಯಲ್ಲಿ ಕೂರುವ ಆಸಾಮಿ ಅವನು. ಹೋಟೆಲಿನ ಮೇಜು ಅಲುಗಿದರೆ ಕಾಗದ ಮಡಚಿ ಅದರ ಕಾಲಡಿ ತುರುಕಿ, ಆಮೇಲೆ ಕಾಫಿ ಬಾಯಿಗಿಡುತ್ತಿದ್ದ. ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಎದುರಿನ ಬಾಗಿಲ ಚೌಕಟ್ಟು ಸೊಟ್ಟಗಿದೆ ಎಂದು ನರ್ಸಮ್ಮನ ತಲೆ ತಿಂದಿದ್ದ. ಅವನ ಹೆಂಡತಿಗೆ ಇದೆಲ್ಲ ನಗೆಚಾಟಿಕೆ.

"ನನ್ನ ಮೂಗೇ ಎಡಕ್ಕೆ ಸೊಟ್ಟ. ಮದುವೆ ದಿನ ಅದು ಹೇಗೆ ಸುಮ್ಮನಿದ್ರಿ?" ಎನ್ನುತ್ತಿದ್ದಳು.

"ಉಳಿ ತಂದಿರಲಿಲ್ಲ, ನೀನು ಬಚಾವಾದೆ," ಎನ್ನುತ್ತಿದ್ದ ಅವನು.

ಅವಳು ಹಾಯಿ ಹೊಲಿಯುವವಳು. ಬಂದರಿನ ಪಕ್ಕದ ಉದ್ದನೆಯ ಕೋಣೆಯಲ್ಲಿ ನೆಲದ ತುಂಬ ಕ್ಯಾನ್ವಾಸ್ ಹರಡಿಕೊಂಡು, ಅಂಗೈಗೆ ಚರ್ಮದ ಪಟ್ಟಿ ಬಿಗಿದುಕೊಂಡು, ದಬ್ಬಳದಂಥ ಸೂಜಿಯಲ್ಲಿ ದೋಣಿಗಳ ಹಾಯಿಗೆ ತೇಪೆ ಹಾಕುತ್ತಿದ್ದಳು. ಮಕ್ಕಳಾಗಲಿಲ್ಲ. ಅದಕ್ಕಾಗಿ ಅತ್ತದ್ದು ಒಂದು ಕಾಲ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ರೇಗಿಸಿಕೊಂಡು ದಿನ ಕಳೆಯುವುದನ್ನು ಕಲಿತರು. ನಡುವಯಸ್ಸಿನಲ್ಲಿ ಅವಳ ಕಣ್ಣು ಮಂಜಾಗತೊಡಗಿತು. ಮೊದಲು ಪಕ್ಕದ್ದು ಕಾಣದಾಯಿತು, ಆಮೇಲೆ ಎದುರಿನದು. ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಇದ್ದದ್ದು ಇದ್ದ ಹಾಗೆ ಹೇಳಿದರು. ಒಂದು ದಿನ ಸೂಜಿಗೆ ದಾರ ಪೋಣಿಸಲಾಗದೆ ಪಕ್ಕದವಳ ಕೈಗೆ ಕೊಟ್ಟವಳು ಮಾರನೆಯ ದಿನದಿಂದ ಕೆಲಸಕ್ಕೆ ಹೋಗಲಿಲ್ಲ.

ಕಣ್ಣು ಹೋದದ್ದನ್ನಾದರೂ ಅವಳು ಹೇಗೋ ನುಂಗಿಕೊಂಡಳು. ಅವಳಿಗೆ ಸಹಿಸಲಾಗದೆ ಹೋದದ್ದು ಇನ್ನೊಬ್ಬರ ಕೈ ಹಿಡಿದು ನಡೆಯುವುದು. ಜನ ಒಳ್ಳೆಯವರೇ, ಬೀದಿಗಿಳಿದರೆ ಸಾಕು ಓಡಿಬಂದು ರಟ್ಟೆ ಹಿಡಿಯುತ್ತಿದ್ದರು, ಕೇಳದೆಯೇ ಎಲ್ಲಿಗೋ ಎಳೆದುಕೊಂಡು ಹೊರಡುತ್ತಿದ್ದರು. "ನಾನೇನು ಮೂಟೆಯಾ, ಸಿಕ್ಕಿದವರೆಲ್ಲ ಹೊತ್ಕೊಂಡು ಹೋಗೋಕೆ?" ಎಂದು ಮನೆಗೆ ಬಂದು ಸಿಡಿಮಿಡಿಗುಟ್ಟುತ್ತಿದ್ದಳು. ಗಂಡನ ತೋಳೂ ಅವಳಿಗೆ ಅಷ್ಟಕ್ಕಷ್ಟೇ. ಅವನ ನಡಿಗೆ ಬಿರುಸು, ಅವಳ ನಡಿಗೆ ನಿಧಾನ. ಹಾಗಾಗಿ ಅವಳು ತಾನೇ ಒಂದು ದಾರಿ ಕಂಡುಕೊಂಡಳು.

ಮನೆ ಹಗ್ಗದವರ ಓಣಿಯಲ್ಲಿ. ಬಾಗಿಲು ದಾಟಿ, ಓಣಿಯ ಗೋಡೆಗೆ ಅಂಗೈ ಊರಿ, ಸವರುತ್ತ ನಡೆದರೆ ಗೋಡೆ ಮುಗಿಯುವಲ್ಲಿ ಚೌಕ. ಚೌಕದ ಆಚೆ ಬದಿ, ಪೇಟೆಬೀದಿಯ ಮೂಲೆಯಲ್ಲಿ ಅವಳ ತಂಗಿಯ ನೂಲಿನಂಗಡಿ. ಅಲ್ಲಿ ಕೂತು ಅಕ್ಕತಂಗಿಯರು ಊರಿನವರ ಸುದ್ದಿ ಮಾತಾಡಿ, ಕಣ್ಣಿಲ್ಲದೆಯೂ ಹೆಣೆಯಬಹುದಾದ ಉಣ್ಣೆ ಕೈಗೆ ತೆಗೆದುಕೊಂಡು ಮರಳಿ ಬರುವುದು, ಇಷ್ಟೇ ಅವಳ ಪ್ರಪಂಚ. ಓಣಿಯಲ್ಲೇನೂ ತೊಂದರೆಯಿಲ್ಲ. ದಿನಾ ಅವಳ ಅಂಗೈ ಸವರಿ ಸವರಿ ಗೋಡೆಯ ಗಾರೆಯಲ್ಲಿ ನುಣುಪಾದ ಒಂದು ಪಟ್ಟೆಯೇ ಮೂಡಿತ್ತು. "ನಾನು ಬಳಿದ ಗಾರೆ ಸವೆಸ್ತಿದೀಯ. ಸವೆಸೋದಾದ್ರೂ ನೇರ ಸವೆಸಬಾರ್ದಾ? ಗೆರೆ ಸೊಟ್ಟಗಿದೆ," ಎಂದು ಮೇಸ್ತ್ರಿ ಕಾಡಿಸುತ್ತಿದ್ದ. ತೊಂದರೆಯೆಲ್ಲ ಚೌಕದಲ್ಲಿ. ಅದು ಬಟ್ಟಬಯಲು. ಹಿಡಿಯಲು ಗೋಡೆಯಿಲ್ಲ, ಕೋಲಿಗೆ ತಾಗಲು ಏನೂ ಇಲ್ಲ, ಕಡಲ ಗಾಳಿ ಬೇರೆ ಬಂದು ಜನರ ಮಾತನ್ನೆಲ್ಲ ಕಲಸಿಹಾಕುತ್ತಿತ್ತು. ಅಲ್ಲಿ ಅವಳ ಕೈಹಿಡಿದದ್ದು ಕಾರಂಜಿ.

ಕಾರಂಜಿ ಬಹಳ ಹಳೆಯದು. ಕಟ್ಟಿಸಿದವರ ಹೆಸರನ್ನು ಉಪ್ಪುಗಾಳಿ ಯಾವತ್ತೋ ತಿಂದುಹಾಕಿತ್ತು. ನಡುವೆ ಒಂದು ಕಂಬ, ಕಂಬದ ಮೇಲೆ ಒಂದೇ ಕಲ್ಲಿನಲ್ಲಿ ಕೊರೆದ ದೊಡ್ಡ ಬೋಗುಣಿ. ಬೋಗುಣಿಯೊಳಗೆ ಚಿಮ್ಮಿದ ನೀರು ತುಂಬಿ ಅದರ ಅಂಚಿನಿಂದ ಕೆಳಗಿನ ತೊಟ್ಟಿಗೆ ಇಳಿಯುತ್ತಿತ್ತು. ಆ ಬೋಗುಣಿ ಕಣ್ಣಿಗೆ ಕಾಣದಷ್ಟು ಸ್ವಲ್ಪ ವಾಲಿತ್ತು. ವಾಲಿದ ಕಡೆ ನೀರು ದಪ್ಪಗೆ ಸುರಿಯುತ್ತಿತ್ತು, ಉಳಿದ ಕಡೆ ತೆಳ್ಳಗೆ. ದಪ್ಪಗೆ ಸುರಿಯುವ ಕಡೆಯ ನೇರ ಎದುರಿಗೆ ಹಗ್ಗದವರ ಓಣಿಯ ಬಾಯಿ. ಕಣ್ಣಿದ್ದವರು ಯಾರೂ ಇದನ್ನು ಗಮನಿಸಿರಲಿಲ್ಲ. ಅವರಿಗೆ ಅದರ ಅಗತ್ಯವೂ ಇರಲಿಲ್ಲ. ಅವಳು ತಂಗಿಯ ಅಂಗಡಿಯಿಂದ ಹೊರಟು, ನೀರನ್ನು ದೂರದಿಂದಲೇ ಎಡಗಿವಿಯಲ್ಲಿ ಇಟ್ಟುಕೊಂಡು ಬಳಸಿ ನಡೆದು, ಸದ್ದು ದಪ್ಪಗಾದ ಕಡೆ ನಿಂತು, ಅದಕ್ಕೆ ಬೆನ್ನು ಕೊಟ್ಟು ನೇರ ಹೆಜ್ಜೆ ಹಾಕಿದರೆ ಓಣಿಯ ಗೋಡೆ ಅಂಗೈಗೆ ಸಿಗುತ್ತಿತ್ತು. ಯಾರನ್ನೂ ಕೇಳಬೇಕಾಗಿರಲಿಲ್ಲ. ಯಾರೂ ರಟ್ಟೆ ಹಿಡಿಯಬೇಕಾಗಿರಲಿಲ್ಲ.

"ನಮ್ಮ ಕಡೆ ನೀರು ಜಾಸ್ತಿ ಮಾತಾಡುತ್ತೆ ರೀ," ಎಂದು ಅವಳು ಗಂಡನಿಗೆ ಎಷ್ಟೋ ಸಲ ಹೇಳಿದ್ದಳು.

"ನಿನ್ನ ಸಹವಾಸ. ಮಾತಾಡದೆ ಇನ್ನೇನು ಮಾಡುತ್ತೆ," ಎಂದು ಅವನು ನಗುತ್ತಿದ್ದ.

ಹೆಂಡತಿಯ ಮಾತುಗಳನ್ನು ಗಂಡಸರು ಎರಡು ಗೂಡಿನಲ್ಲಿ ಹಾಕಿಡುತ್ತಾರೆ, ಒಂದು ದೂರಿನದು, ಇನ್ನೊಂದು ಕೊಂಡಾಟದ್ದು. ಅದರಲ್ಲಿ ಬರಿಯ ವಿಷಯವೂ ಇರಬಹುದು, ಕಿವಿಗೊಟ್ಟು ಕೇಳಿಸಿಕೊಳ್ಳಬೇಕಾದದ್ದು ಇರಬಹುದು ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ಮೇಸ್ತ್ರಿಯೂ ಅಷ್ಟೇ. ಅವಳು ನೀರಿನ ಸದ್ದು ಹಿಡಿದು ಚೌಕ ದಾಟುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು. ಹೇಗೆ ಎಂದು ಒಂದು ದಿನವೂ ಕೇಳಲಿಲ್ಲ.

ಆಮೇಲೆ ಒಂದು ಬೇಸಿಗೆಯಲ್ಲಿ ಕಾರಂಜಿ ನಿಂತುಹೋಯಿತು. ಕೊಳವೆ ತುಕ್ಕು ಹಿಡಿದಿದೆ ಎಂದರು, ಪಂಪು ಕೆಟ್ಟಿದೆ ಎಂದರು, ಮುಂದಿನ ವರ್ಷ ನೋಡೋಣ ಎಂದರು. ಪುರಸಭೆಯವರ ಮುಂದಿನ ವರ್ಷ ಎಂದರೆ ನಿಮಗೆ ಗೊತ್ತೇ ಇದೆ. ತೊಟ್ಟಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿದವು, ಬೋಗುಣಿಯಲ್ಲಿ ಹುಲ್ಲು ಬೆಳೆಯಿತು. ಅವಳು ಒಂದೆರಡು ಸಲ ಒಬ್ಬಳೇ ಹೋಗಿ ನೋಡಿದಳು. ಬಯಲಿನ ನಡುವೆ ದಿಕ್ಕು ತಪ್ಪಿ ನಿಂತಾಗ ಯಾರೋ ಬಂದು ರಟ್ಟೆ ಹಿಡಿದು ಮನೆಗೆ ಮುಟ್ಟಿಸಿದರು. ಅಲ್ಲಿಗೆ ಅವಳ ತಿರುಗಾಟ ಮುಗಿಯಿತು. ಬೇಕೆನಿಸಿದಾಗ ಗಂಡನ ತೋಳಿಗೆ ಜೋತುಬಿದ್ದು ತಂಗಿಯ ಅಂಗಡಿಗೆ ಹೋಗುತ್ತಿದ್ದಳು. ಉಳಿದ ಹೊತ್ತು ಚೌಕದ ಕಡೆಯ ಕಿಟಕಿ ತೆರೆದಿಟ್ಟುಕೊಂಡು ಹೆಣೆಯುತ್ತ ಕೂತಿರುತ್ತಿದ್ದಳು. ಮೊದಲಿನ ಹಾಗೆ ಗಂಡನನ್ನು ಕಾಡಿಸುವುದೂ ಕಡಿಮೆಯಾಯಿತು. ಮೇಸ್ತ್ರಿಗೆ ಸಂಕಟವಾಗುತ್ತಿದ್ದದ್ದು ಅದಕ್ಕೇ.

ಕಡೆಗೊಮ್ಮೆ ಕಾರಂಜಿಯನ್ನು ಹಿಂದಿನ ಹಾಗೆ ಮಾಡುವುದೆಂದು ಗೊತ್ತಾಯಿತು. ಹಳೆಯ ಕಟ್ಟಡಗಳನ್ನು ಸರಿಪಡಿಸುವುದನ್ನೇ ಓದಿದ ಒಬ್ಬಾಕೆ ಬಂದಳು. ಊರವರು ಕಾರಂಜಿ ಮೇಡಂ ಎಂದು ಕರೆದರು. ಮೇಸ್ತ್ರಿ ಆಗಲೇ ಕೆಲಸ ಬಿಟ್ಟು ಕೂತಿದ್ದ, ಮಂಡಿಯಲ್ಲಿ ಶಕ್ತಿ ಇರಲಿಲ್ಲ. ಆದರೂ ಹಳೆಯ ಉಳಿಗಳನ್ನೆಲ್ಲ ಸಾಣೆ ಹಿಡಿದು, ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಡಂ ಮುಂದೆ ನಿಂತ.

"ಮಂಡಿ ನೋವಿದ್ರೆ ಅಟ್ಟಣಿಗೆ ಹತ್ತೋದು ಕಷ್ಟ ಅಲ್ವಾ ಮೇಸ್ತ್ರಿಗಳೇ?" ಎಂದಳು ಅವಳು.

"ಹತ್ತೋದು ಕಷ್ಟ ಮೇಡಂ. ಹತ್ತಿದ ಮೇಲೆ ಇಳಿಯೋಲ್ಲ, ಅಷ್ಟೇ," ಎಂದ. ಅವಳು ನಕ್ಕು ಸೇರಿಸಿಕೊಂಡಳು.

ಮನೆಗೆ ಬಂದು ಹೆಂಡತಿಯ ಮುಂದೆ ಕೂತು, "ನೀರು ಬರುತ್ತೆ. ನೀನು ಒಬ್ಳೇ ತಂಗಿ ಅಂಗಡಿಗೆ ಹೋಗಿ ಬರ್ತೀಯ. ಇದು ನನ್ನ ಮಾತು," ಎಂದ. ಅವಳು ಹೆಣಿಗೆ ಕೆಳಗಿಟ್ಟು ಅವನ ಮುಖವನ್ನು ಎರಡೂ ಕೈಯಲ್ಲಿ ಸವರಿದಳು. ಅವನು ನಗುತ್ತಿದ್ದಾನೋ ಇಲ್ಲವೋ ತಿಳಿಯಲು ಅವಳಿಗೆ ಇದ್ದದ್ದು ಅದೊಂದೇ ದಾರಿ.

ಕೆಲಸ ಅವನ ಆಯುಷ್ಯದಲ್ಲೇ ಅತ್ಯಂತ ಖುಷಿಯ ಕೆಲಸವಾಯಿತು. ಕಲ್ಲಿನೊಳಗೆ ಸೇರಿದ ಉಪ್ಪನ್ನು ತೆಗೆಯಲು ಕಾಗದವನ್ನು ನೀರಿನಲ್ಲಿ ನೆನೆಸಿ, ಅರೆದು, ಕಂಬಕ್ಕೆಲ್ಲ ಮೆತ್ತುತ್ತಿದ್ದರು. ಅದು ಒಣಗುತ್ತ ಉಪ್ಪನ್ನು ಎಳೆದುಕೊಂಡು ಬಿಳಿಯ ಹಕ್ಕಳೆಯಾಗಿ ಉದುರುತ್ತಿತ್ತು. ಸಿಮೆಂಟು ಮುಟ್ಟುವಂತಿರಲಿಲ್ಲ, ಎಲ್ಲಕ್ಕೂ ಸುಣ್ಣದ ಗಾರೆ. ಒಡೆದ ಅಂಚಿಗೆ ಹೊಸ ಕಲ್ಲಿನ ತುಂಡು ಕೂರಿಸುವಾಗ ಮೇಸ್ತ್ರಿ ಉಸಿರು ಬಿಗಿಹಿಡಿಯುತ್ತಿದ್ದ. ಸಂಜೆ ಮನೆಗೆ ಬಂದು ಕೈಕಾಲು ತೊಳೆಯುವಷ್ಟೂ ವ್ಯವಧಾನವಿಲ್ಲದೆ ಅಂದಂದಿನ ಕಥೆ ಹೇಳುತ್ತಿದ್ದ. ಅವಳು ಮತ್ತೆ ಕಾಡಿಸತೊಡಗಿದಳು. "ಕಾರಂಜಿ ಮೇಲೆ ಇಷ್ಟು ಪ್ರೀತಿ. ನನಗೂ ಒಂದಿಷ್ಟು ಕಾಗದದ ಹಿಟ್ಟು ಮೆತ್ತಿ, ನಾನೂ ಹೊಸಬಳಾಗ್ತೀನಿ."

ಬೋಗುಣಿಯನ್ನು ಸರಪಳಿ ರಾಟೆಯಿಂದ ಎತ್ತಿದ ದಿನ ಕಂಬದ ತಲೆಯ ಮೇಲೆ ಸೀಸದ ಒಂದು ತಗಡು ಸಿಕ್ಕಿತು. ಅದು ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಮೇಡಂ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಬೋಗುಣಿ ವಾಲಿತ್ತು ಮೇಸ್ತ್ರಿಗಳೇ. ಕಟ್ಟಿದವರೇ ಬೇಕಂತ ಹೀಗೆ ಮಾಡಿದ್ರೋ, ಕಾಲ ಕಳೆದಂತೆ ಸೀಸ ಅಮುಕಿ ಹೀಗಾಯ್ತೋ? ಗೊತ್ತಿಲ್ಲದಿದ್ರೆ ಇದ್ದ ಹಾಗೇ ಬಿಡಬೇಕು ಅಂತ ನಮ್ಮಲ್ಲಿ ಒಂದು ಕಟ್ಟಳೆ."

"ಬೇಕಂತ ಯಾವ ಮೇಸ್ತ್ರಿ ಸೊಟ್ಟ ಕೂರಿಸ್ತಾನೆ ಮೇಡಂ? ಅಮುಕಿದೆ."

"ಆದ್ರೂ ನನಗೆ ಹಾಗೇ ಬಿಡೋಣ ಅನ್ನಿಸುತ್ತೆ."

"ವಾಲಿದ ಕಲ್ಲು ಕೂರಿಸಿ ನಾನು ಊರಲ್ಲಿ ಮುಖ ತೋರಿಸಲಾ?" ಎಂದ ಮೇಸ್ತ್ರಿ. ದನಿ ಸ್ವಲ್ಪ ಏರಿತ್ತು. "ಆಯುಷ್ಯವೆಲ್ಲ ಕಲ್ಲಿನ ಜೊತೆ ಕಳೆದೋನು ನಾನು. ಇದೊಂದು ಮಾತು ನನಗೆ ಬಿಡಿ."

ಅವಳು ಬಿಟ್ಟಳು. ಅವನ ನರೆತ ತಲೆಗೆ ಗೌರವ ಕೊಟ್ಟು ಬಿಟ್ಟಳು. ಹಳೆಯ ತಗಡನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ತನ್ನ ಪೆಟ್ಟಿಗೆಯಲ್ಲಿ ಎತ್ತಿಟ್ಟುಕೊಂಡಳು. ಮೇಸ್ತ್ರಿ ಬೋಗುಣಿಯನ್ನು ಇಳಿಸಿ, ಸುತ್ತಲೂ ರಸಮಟ್ಟ ಇಟ್ಟು, ಕೂದಲೆಳೆಯಷ್ಟು ಏರಿಸಿ ಇಳಿಸಿ, ಗುಳ್ಳೆ ಎತ್ತ ತಿರುಗಿಸಿದರೂ ನಟ್ಟನಡುವೆ ನಿಲ್ಲುವ ತನಕ ಬಿಡಲಿಲ್ಲ. ಆಮೇಲೆ ಸಂದಿಗೆ ಕಾದ ಸೀಸ ಸುರಿದರು. ಕೊಡದಲ್ಲಿ ನೀರು ತಂದು ತುಂಬಿ ನೋಡಿದಾಗ ಅದು ಅಂಚಿನ ಸುತ್ತಲೂ ಒಂದೇ ಸಮ ಇಳಿಯಿತು. ಕೆಲಸದವರೆಲ್ಲ ಶಿಳ್ಳೆ ಹೊಡೆದರು.

ಆ ಸಂಜೆ ಅವನು ಹಾರುತ್ತಲೇ ಮನೆಗೆ ಬಂದ. "ಬೋಗುಣಿ ವಾಲಿತ್ತು ಕಣೇ, ಇಷ್ಟು ದಿನ ಯಾರಿಗೂ ಗೊತ್ತಿರಲಿಲ್ಲ. ಸರಿ ಮಾಡ್ದೆ."

ಅವಳ ಹೆಣಿಗೆಯ ಕಡ್ಡಿ ನಿಂತಿತು. "ಯಾವ ಕಡೆ ವಾಲಿತ್ತು?"

"ನಮ್ಮ ಕಡೆಗೆ."

ಅವನು ಬಚ್ಚಲಲ್ಲಿ ಕೈಯ ಸುಣ್ಣ ಉಜ್ಜುತ್ತಿದ್ದ. "ಸೀಸ ಸುರಿದಾಗಿದೆಯಾ?" ಎಂದು ಕೇಳಿದಳು.

"ಆಯ್ತು, ಆಯ್ತು. ಇನ್ನು ನೂರು ವರ್ಷ ಅಲುಗಲ್ಲ. ಮೇಡಂ ಇದ್ದ ಹಾಗೇ ಬಿಡೋಣ ಅಂದ್ರು, ನಾನು ಬಿಡಲಿಲ್ಲ."

"ಒಳ್ಳೇದಾಯ್ತು ಬಿಡಿ," ಎಂದಳು. ಕಡ್ಡಿಗಳು ಮತ್ತೆ ಸದ್ದು ಮಾಡತೊಡಗಿದವು. ಅಂದು ರಾತ್ರಿ ಊಟದಲ್ಲಿ ಅವಳು ಅವನನ್ನು ಕಾಡಿಸಲಿಲ್ಲ. ಅವನಿಗೆ ಅದು ಗೊತ್ತಾಗಲೂ ಇಲ್ಲ, ಅಷ್ಟು ಸಂತೋಷದಲ್ಲಿದ್ದ.

ನೀರು ಬಿಡುವ ದಿನ ಊರೆಲ್ಲ ಚೌಕದಲ್ಲಿ ಸೇರಿತ್ತು. ಪುರಸಭೆಯವರು ತಾವೇ ಕಲ್ಲು ಹೊತ್ತವರ ಹಾಗೆ ಎದೆ ಸೆಟೆಸಿ ಮುಂದಿನ ಸಾಲಿನಲ್ಲಿ ನಿಂತಿದ್ದರು. ಮೇಸ್ತ್ರಿ ಹೆಂಡತಿಯನ್ನು ಕರೆದುಕೊಂಡು ಬಂದು ಬದಿಯಲ್ಲಿ ನಿಲ್ಲಿಸಿಕೊಂಡಿದ್ದ. ನೂಲಿನಂಗಡಿಯ ನಾದಿನಿ ಅಂಗಡಿ ಮುಚ್ಚಿ ಓಡಿಬಂದು, "ಭಾವ, ಇವತ್ತು ನಿಮ್ಮ ಶರ್ಟಿನ ಗುಂಡಿಯೂ ನೇರ ಇದೆ," ಎಂದು ತಮಾಷೆ ಮಾಡಿದಳು. ನೀರು ಚಿಮ್ಮಿತು, ಬೋಗುಣಿ ತುಂಬಿತು, ಸುತ್ತಲೂ ಒಂದೇ ತೆರನಾಗಿ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಹೆಂಡತಿಯ ಕಡೆ ಬಾಗಿದ.

"ಹೇಗಿದೆ?" ಎಂದು ಅವಳ ಕಿವಿಯಲ್ಲಿ ಕೇಳಿದ.

ಅವಳು ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ಕೇಳಿದಳು. "ತುಂಬಾ ಚೆನ್ನಾಗಿದೆ ರೀ," ಎಂದಳು. ಅವನ ತೋಳನ್ನು ಮಾತ್ರ ಬಿಡಲಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿದಳು. ಸಂತೋಷಕ್ಕೆ ಹಿಡಿದಳೆಂದು ಅವನು ತಿಳಿದ.

ಮಾರನೆಯ ಬೆಳಗ್ಗೆ ಅವನೇ ಅವಸರಪಡಿಸಿ ಹೊರಡಿಸಿದ. ಹಿಂದೆ ಬರಬಾರದು, ಕಿಟಕಿಯಿಂದ ಇಣುಕಲೂ ಬಾರದು ಎಂದು ಅವಳು ಮಾತು ತೆಗೆದುಕೊಂಡಳು. ಬಾಗಿಲಲ್ಲಿ ಒಂದು ಗಳಿಗೆ ನಿಂತಳು, ಆಮೇಲೆ ಗೋಡೆಗೆ ಅಂಗೈ ಊರಿ ಹೊರಟಳು. ಮೇಸ್ತ್ರಿ ಮನೆಯೊಳಗೆ ಒಲೆಯ ಮುಂದೆ ಕೂತು ಸುಮ್ಮಸುಮ್ಮನೆ ನಗುತ್ತಿದ್ದ. ಬಿಸಿಲೇರಿತು. ಅವಳು ಬರಲಿಲ್ಲ. ಅಕ್ಕತಂಗಿಯರ ಹರಟೆ ಮುಗಿದಿರಲಿಕ್ಕಿಲ್ಲ ಎಂದುಕೊಂಡ. ಆಮೇಲೆ ತಡೆಯಲಾರದೆ ಅಂಗಡಿಗೆ ಹೋದ.

"ಅಕ್ಕ ಹೊರಟು ಎಷ್ಟೋ ಹೊತ್ತಾಯ್ತಲ್ಲ ಭಾವ," ಎಂದಳು ನಾದಿನಿ. "ಇಲ್ಲಿಗೇನೋ ಬಂದ್ಲು. ಬರುವಾಗ್ಲೇ ಸಾಕಾದ ಹಾಗಿದ್ಲು. ಬಿಟ್ಟು ಬರ್ತೀನಿ ಅಂದ್ರೆ ಬೈದ್ಲು."

ಅವಳು ಸಿಕ್ಕಿದ್ದು ಬಂದರಿನಲ್ಲಿ. ಮೀನು ತೂಗುವ ಹೆಂಗಸೊಬ್ಬಳು ಅವಳನ್ನು ಬಲೆಯ ರಾಶಿಯ ಮೇಲೆ ಕೂರಿಸಿ, ಹತ್ತಿರವೇ ನಿಂತಿದ್ದಳು. ಹೆಂಡತಿಯ ಒಂದು ಕಾಲಿನ ಚಪ್ಪಲಿ ಒದ್ದೆಯಾಗಿತ್ತು. ನೀರಿಗಿಳಿಯುವ ಮೆಟ್ಟಿಲ ಮೇಲೆ ಒಂದು ಹೆಜ್ಜೆ ಇಟ್ಟುಬಿಟ್ಟಿದ್ದಳು. ಮೇಸ್ತ್ರಿ ಬಗ್ಗಿ ಆ ಚಪ್ಪಲಿ ಬಿಚ್ಚಿ ನೀರು ಕೊಡವಿದ.

"ನನ್ನ ಕಿವಿ ಮಂದ ಆಗಿದೆ ರೀ," ಎಂದಳು ಅವಳು. "ಮುದುಕಿಯಾದೆ. ನಡೀರಿ ಮನೆಗೆ."

ಅವನು ಅದನ್ನೇ ನಂಬಿದ. ಕಣ್ಣು ಹೋಯಿತು, ಈಗ ಕಿವಿಯೂ ಹೋಗುತ್ತಿದೆಯಲ್ಲ ಎಂದು ಮರುಗಿದ. ಅವಳು ಬೇಡ ಬೇಡ ಎಂದರೂ ಕೇಳದೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಕಿವಿಗೆ ಯಂತ್ರ ಹಚ್ಚಿ ಏನೇನೋ ಸದ್ದು ಕೇಳಿಸಿ, ಆಮೇಲೆ ಮೇಸ್ತ್ರಿಯ ಬೆನ್ನು ತಟ್ಟಿದರು. "ಈ ವಯಸ್ಸಿಗೆ ಇಂಥ ಕಿವಿ ನಾನು ನೋಡಿಲ್ಲ. ಮನೇಲಿ ಗುಟ್ಟು ಮಾತಾಡೋವಾಗ ಹುಷಾರು," ಎಂದು ನಕ್ಕರು. ಅವಳು ನಗಲಿಲ್ಲ.

ಅವಳನ್ನು ಮನೆಯಲ್ಲಿ ಬಿಟ್ಟು ಮೇಸ್ತ್ರಿ ಚೌಕಕ್ಕೆ ಹೋದ. ನಾದಿನಿಯ ಅಂಗಡಿಯ ಮುಂದೆ ನಿಂತು ಕಣ್ಣು ಮುಚ್ಚಿದ. ನೀರನ್ನು ಎಡಗಿವಿಯಲ್ಲಿ ಇಟ್ಟುಕೊಂಡು ನಡೆದ. ಸುರಿಯುವ ಸದ್ದು ಕೇಳುತ್ತಿತ್ತು, ಎಲ್ಲ ಕಡೆಯಿಂದಲೂ ಅದೇ ಸದ್ದು. ಇನ್ನೂ ನಡೆದ. ಅದೇ. ಎಲ್ಲಿ ನಿಲ್ಲಬೇಕು ಎಂದು ಹೇಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಒಂದು ಜಾಗದಲ್ಲಿ, ಇದೇ ನಮ್ಮ ಓಣಿಯ ಎದುರು ಎಂದು ಅಂದಾಜು ಮಾಡಿ, ನೀರಿಗೆ ಬೆನ್ನು ಕೊಟ್ಟು ನಿಂತು ಕಣ್ಣು ಬಿಟ್ಟ. ಮುಂದೆ ಬಂದರಿನ ಬೀದಿ ಇತ್ತು, ಅದರ ಕೊನೆಯಲ್ಲಿ ಕಡಲು.

ನಮ್ಮ ಕಡೆ ನೀರು ಜಾಸ್ತಿ ಮಾತಾಡುತ್ತೆ ರೀ. ಆ ಮಾತು ಅವನ ಎದೆಗೆ ಈಗ ಬಂದು ನಾಟಿತು. ಅಲ್ಲೇ ನೆಲದ ಮೇಲೆ ಕುಸಿದು ಕೂತುಬಿಟ್ಟ. ದಾರಿಹೋಕರು ರಟ್ಟೆ ಹಿಡಿದು ಎಬ್ಬಿಸಲು ಬಂದರು.

ಮನೆಗೆ ಬಂದವನು ಹೊಸ್ತಿಲ ಮೇಲೆಯೇ ನಿಂತ. "ನಿನಗೆ ಗೊತ್ತಿತ್ತು. ನಾನು ಹೇಳಿದ ದಿನವೇ ಗೊತ್ತಿತ್ತು."

"ಸೀಸ ಸುರಿದಾಗಿತ್ತಲ್ಲ," ಎಂದಳು ಅವಳು.

"ಬಾಯಿಬಿಟ್ಟು ಹೇಳಬಾರ್ದಿತ್ತಾ?"

"ಎಷ್ಟು ವರ್ಷ ಹೇಳಿದೀನಿ. ನೀವು ನಗ್ತಿದ್ರಿ, ನನಗೂ ನೀವು ನಗೋದು ಬೇಕಾಗಿತ್ತು." ಹೆಣಿಗೆ ಬದಿಗಿಟ್ಟು ಹೇಳಿದಳು, "ಅವತ್ತು ನಿಮ್ಮ ದನಿ ಹೇಗಿತ್ತು ಗೊತ್ತಾ? ಮದುವೆಯಾದ ಹೊಸದರಲ್ಲಿ ಇದ್ದ ಹಾಗೆ. ಅದರ ಮೇಲೆ ಹೇಗೆ ನೀರು ಹೊಯ್ಯಲಿ? ಅಭ್ಯಾಸ ಮಾಡ್ಕೊಂಡ್ರೆ ಆಗುತ್ತೇನೋ ಅಂದ್ಕೊಂಡೆ. ಆಗಲಿಲ್ಲ."

ಅವನು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತ. ತಾಯಿ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅವಳು ಅವನ ತಲೆ ಸವರುತ್ತ, ಹೋಗಲಿ ಬಿಡಿ, ಹೋಗಲಿ ಬಿಡಿ ಎನ್ನುತ್ತಲೇ ಇದ್ದಳು.

ಮರುದಿನ ಅವನು ಕಾರಂಜಿ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದ. ಅವಳು ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ನಾನು ಗಟ್ಟಿಯಾಗಿ ನಿಲ್ಲಬೇಕಿತ್ತು ಮೇಸ್ತ್ರಿಗಳೇ," ಎಂದು ತಪ್ಪನ್ನು ತನ್ನ ತಲೆಗೂ ಎಳೆದುಕೊಂಡಳು. ಬೋಗುಣಿ ಮತ್ತೆ ಎತ್ತಬೇಕೆಂದರೆ ಮೇಲಿನವರ ಒಪ್ಪಿಗೆ ಬೇಕು, ಈಗಷ್ಟೇ ಮುಗಿದ ಕೆಲಸವನ್ನು ಬಿಚ್ಚಲು ಅವರು ಸುಲಭಕ್ಕೆ ಒಪ್ಪುವುದಿಲ್ಲ, ಆದರೂ ಬೆನ್ನು ಬಿಡುವುದಿಲ್ಲ ಎಂದು ಮಾತು ಕೊಟ್ಟಳು. ಅವಳು ಕೊಟ್ಟ ಮಾತಿಗೆ ತಪ್ಪುವವಳಲ್ಲ. ಆದರೆ ಮೇಲಿನವರು ಮೇಲಿನವರೇ.

ಅಲ್ಲಿಯವರೆಗೆ ಸುಮ್ಮನೆ ಕೂರುವುದು ಹೇಗೆ? ಮೇಸ್ತ್ರಿಗೆ ಒಂದು ಉಪಾಯ ಹೊಳೆಯಿತು. ಹೆಂಡತಿಯನ್ನು ತಂಗಿಯ ಅಂಗಡಿಗೆ ಬಿಟ್ಟು ಬಂದು, ಓಣಿಯ ಬಾಯಲ್ಲಿ ಒಂದು ಕಲ್ಲಿನ ಮೇಲೆ ಕೂತು, ಉಳಿಗೆ ಸುತ್ತಿಗೆಯಿಂದ ತಟ್ಟುತ್ತ ಇದ್ದ. ಟಕ್, ಟಕ್, ಟಕ್. ಅವಳು ಅಂಗಡಿಯಿಂದ ಹೊರಟು, ನೀರಿನ ಸದ್ದಿನ ಆಚೆ ಆ ಸದ್ದನ್ನು ಹಿಡಿದು, ಒಂದು ಹೆಜ್ಜೆಯೂ ತಪ್ಪದೆ ಅವನ ಮುಂದೆ ಬಂದು ನಿಂತಳು. ಅವನು ಹಿಗ್ಗಿ ಹೀರೇಕಾಯಿಯಾದ. "ನೋಡಿದ್ಯಾ? ದಿನಾ ಹೀಗೇ ಮಾಡೋಣ."

ಅವಳು ಅವನ ಭುಜದ ಮೇಲೆ ಕೈಯಿಟ್ಟಳು. "ನೀವು ಕರೆದ್ರೆ ನಾನು ಎಲ್ಲಿಂದ ಬೇಕಾದ್ರೂ ಬರ್ತೀನಿ ರೀ. ಯಾರೂ ಕರೀದೆ ಬರ್ತಿದ್ದೆ ನೋಡಿ, ಅದು ಬೇರೆ," ಎಂದಳು. ಆಮೇಲೆ ತಾನಾಗಿಯೇ ಅವನ ತೋಳು ಹಿಡಿದು, "ನಡೀರಿ," ಎಂದಳು.

ಆ ದಿನದ ನಂತರ ಅವಳು ಚೌಕಕ್ಕೆ ಹೋಗಲಿಲ್ಲ. ಬೇಸರ ಮಾಡಿಕೊಂಡು ಕೂತವಳಲ್ಲ. ತಂಗಿಯೇ ಸಂಜೆ ಬಂದು ಹೋಗುತ್ತಿದ್ದಳು, ನಗು ಮಾತು ಇದ್ದೇ ಇತ್ತು. ಆದರೆ ಮೊಣಕಾಲು ಹಿಡಿಯಿತು ಎಂದಳು, ಉಸಿರು ಕಟ್ಟುತ್ತದೆ ಎಂದಳು, ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದಳು. ಕಿಟಕಿ ಮುಚ್ಚಲು ಬಿಡುತ್ತಿರಲಿಲ್ಲ. ಮೇಸ್ತ್ರಿ ಹಗಲೂ ರಾತ್ರಿ ಅವಳ ಮಂಚದ ಪಕ್ಕದಲ್ಲಿ ಕೂತಿರುತ್ತಿದ್ದ.

"ಒಪ್ಪಿಗೆ ಬಂತಾ?" ಎಂದು ಒಮ್ಮೆ ಕೇಳಿದಳು.

"ಬರುತ್ತೆ."

"ಬಂದ್ರೆ ಎಷ್ಟು ವಾಲಿಸಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ನೇರ ಮಾಡೋದೊಂದೇ ಗೊತ್ತು ನಿಮಗೆ."

"ನೀನು ಕೆಳಗೆ ನಿಂತು ಹೇಳು. ಸಾಕು ಅನ್ನೋ ತನಕ ವಾಲಿಸ್ತೀನಿ."

"ಆಗ್ಲಿ. ನಿಂತು ಹೇಳ್ತೀನಿ," ಎಂದಳು. ಆ ಚಳಿಗಾಲ ಮುಗಿಯುವ ಮೊದಲೇ ಅವಳು ಹೋಗಿಬಿಟ್ಟಳು.

ಒಪ್ಪಿಗೆ ಬಂದದ್ದು ಬೇಸಿಗೆಯಲ್ಲಿ. ಮೇಡಂ ತಾನೇ ಮನೆಗೆ ಬಂದಳು. ಖಾಲಿ ಮಂಚ ನೋಡಿ, ಬಟ್ಟೆ ಸುತ್ತಿದ ಹಳೆಯ ಸೀಸದ ತಗಡನ್ನು ಅವನ ಕೈಗೆ ಕೊಟ್ಟಳು. "ಈಗ ಬೇಡ ಅಂದ್ರೆ ಬಿಟ್ಟುಬಿಡೋಣ ಮೇಸ್ತ್ರಿಗಳೇ."

"ಮಾತು ಕೊಟ್ಟಿದ್ದೀನಿ," ಎಂದ ಅವನು.

ಬೋಗುಣಿಯನ್ನು ಮತ್ತೆ ಎತ್ತಿದರು. ಹಳೆಯ ತಗಡಿನ ಅಳತೆಗೆ ಸರಿಯಾಗಿ, ದಪ್ಪನೆಯ ಬದಿ ಯಾವ ಕಡೆ ಇತ್ತೋ ಆ ಕಡೆಯೇ ಬರುವಂತೆ ಹೊಸ ಸೀಸ ಹಾಸಿದರು. ಮೇಸ್ತ್ರಿ ಅಂಚಿನ ಮೇಲೆ ರಸಮಟ್ಟ ಇಟ್ಟು ನೋಡಿದ. ಗುಳ್ಳೆ ಪಕ್ಕಕ್ಕೆ ಸರಿದು ನಿಂತಿತ್ತು. ಅವನ ಕೈ ಅಭ್ಯಾಸಬಲದಿಂದ ಒಂದು ಸಲ ಬೋಗುಣಿಯ ಕಡೆ ಹೋಯಿತು, ಅಲ್ಲೇ ತಡೆದುಕೊಂಡ. ಕೆಳಗೆ ಯಾರೋ ನಿಂತು ಹೇಳುತ್ತಾರೇನೋ ಎಂಬಂತೆ ಸ್ವಲ್ಪ ಹೊತ್ತು ಕಾದ. ಆಮೇಲೆ ಸೀಸ ಸುರಿಯಲು ಹೇಳಿದ.

ಈ ಸಲ ಜನ ಸೇರಲಿಲ್ಲ, ಚಪ್ಪಾಳೆ ಇರಲಿಲ್ಲ. ನೀರು ಬಿಟ್ಟಾಗ ನಾದಿನಿ ಅಂಗಡಿಯ ಬಾಗಿಲಿಗೆ ಬಂದು ನಿಂತಳು. ಮೇಸ್ತ್ರಿ ಅವಳ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿಕೊಂಡ. "ಭಾವ, ಕೈ ಹಿಡೀಲಾ?" ಎಂದಳು ಅವಳು. ಅವನು ಬೇಡವೆಂದು ತಲೆಯಾಡಿಸಿ ಹೊರಟ.

ನೀರನ್ನು ಎಡಗಿವಿಯ ಕಡೆ ಇಟ್ಟುಕೊಂಡು ನಡೆದ. ಸದ್ದು ತೆಳ್ಳಗಿತ್ತು. ಇನ್ನೂ ತೆಳ್ಳಗಾಯಿತು. ಆಮೇಲೆ ಮೆಲ್ಲಗೆ ತುಂಬಿಕೊಳ್ಳುತ್ತ ಬಂತು, ದಪ್ಪಗಾಯಿತು, ಒಂದು ಜಾಗದಲ್ಲಿ ಇದಕ್ಕಿಂತ ಹೆಚ್ಚಿಲ್ಲ ಎನ್ನುವಷ್ಟಾಯಿತು. ಅಲ್ಲಿ ನಿಂತು ಬೆನ್ನು ಕೊಟ್ಟ. ನೇರ ಹೆಜ್ಜೆ ಹಾಕಿದ. ಬಯಲಿನಲ್ಲಿ ಕಣ್ಣು ಮುಚ್ಚಿ ನಡೆಯುವುದಕ್ಕೆ ಎಂಥ ಧೈರ್ಯ ಬೇಕು ಎಂದು ಅವನಿಗೆ ಅವತ್ತು ಗೊತ್ತಾಯಿತು. ಮುಂದೆ ಚಾಚಿದ ಅಂಗೈಗೆ ಓಣಿಯ ಗೋಡೆ ತಾಗಿತು. ತಾಗಿದ ಜಾಗದಲ್ಲಿ ಗಾರೆ ನುಣುಪಾಗಿತ್ತು, ಅವಳ ಕೈ ಸವೆಸಿದ ಪಟ್ಟೆ ಅದು. ಅವನು ಕಣ್ಣು ಬಿಡದೆ ಅದನ್ನೇ ಸವರುತ್ತ, ಅದು ಏರಿದಲ್ಲಿ ಕೈ ಏರಿಸುತ್ತ, ಇಳಿದಲ್ಲಿ ಇಳಿಸುತ್ತ, ಮನೆಯ ಬಾಗಿಲ ತನಕ ಬಂದ.

"ಸರಿಯಾಗಿದೆ ಕಣೇ," ಎಂದ. "ನೀನು ಹೇಳಿದ ಹಾಗೇ ಇದೆ."

ಬೆಳಗ್ಗೆ ತಾನೇ ಹಾಕಿಹೋಗಿದ್ದ ಬೀಗ ಕೈಗೆ ತಣ್ಣಗೆ ತಾಗಿತು. ಕಣ್ಣು ಬಿಟ್ಟು, ಜೇಬಿನಲ್ಲಿ ಬೀಗದ ಕೈ ಹುಡುಕಿದ.